ದನದ ದವಾಖಾನಿಯಲ್ಲಿ ನನ್ನ ಮೊದಲ ವರ್ಷ

ದನದ ಡಾಕ್ಟರಿಗೆ ಮಾನ ಹೋಗಲು ಹೊತ್ತುಗೊತ್ತು ಬೇಕಿಲ್ಲ. ನನ್ನದಂತೂ ಮೊದಲ ವರ್ಷ ವಾರಕ್ಕೊಮ್ಮೆ ಹೋಗುತ್ತಿತ್ತು. ನಾನು ಇಳಕಲ್ಲಿನ ನೇಕಾರರ ಮನೆಯವಳು. ಅಮೀನಗಡದ ಹತ್ತಿರದ ಹಳ್ಳಿಯ ದವಾಖಾನಿಗೆ ಒಂದು ವರ್ಷದ ಗುತ್ತಿಗೆ ಮೇಲೆ ಸೇರಿದ್ದೆ. ಊರವರು ಒಪ್ಪಿದರೆ ಮುಂದುವರಿಕೆ, ಇಲ್ಲದಿದ್ದರೆ ಮನೆ. ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಅತ್ತ ದಿನಗಳೇ ಹೆಚ್ಚು.

ಮೊದಲ ದಿನ

ಒಬ್ಬ ಹಿರಿಯರು ಎಮ್ಮೆ ಹೊಡೆದುಕೊಂಡು ಬಂದರು.

"ಡಾಕ್ಟ್ರು ಎಲ್ಲದಾರವಾ?"

"ನಾನ ರೀ."

ಅವರು ನನ್ನನ್ನು ನೋಡಿದರು, ಎಮ್ಮೆಯನ್ನು ನೋಡಿದರು. "ಇರ್ಲಿ ಬಿಡು, ಬರೂತನಾ ಕುಂದರ್ತೇನಿ" ಎಂದು ಬೇವಿನ ನೆರಳಲ್ಲಿ ಕೂತೇಬಿಟ್ಟರು. ಮೂರು ಸಲ ಹೋಗಿ ಕೇಳಿದರೂ ನನಗೆ ಎಮ್ಮೆಯನ್ನು ಮುಟ್ಟಗೊಡಲಿಲ್ಲ. ಸಂಜೆ ನಾನು ಬೀಗ ಹಾಕುವಾಗ ಎದ್ದು ಬಂದರು.

"ನಾಳಿಗರ ಬರ್ತಾರೇನು?"

"ಬರ್ತಾರ್ರಿ" ಎಂದೆ. ಮರುದಿನ ನಾನು ಬಂದೆ. ಅವರು ಬರಲಿಲ್ಲ.

ಆಕಳ ಹೆರಿಗೆ

ಗುಳೇದಗುಡ್ಡದ ಕಡೆಯ ಒಂದು ಮನೆಯಲ್ಲಿ ಕರು ಅಡ್ಡ ಸಿಕ್ಕಿತ್ತು. ತೋಳತನಕ ಕೈ ಹಾಕಿ ಎರಡು ತಾಸು ಒದ್ದಾಡಿದೆ. ಆಕಳು ಉಳಿಯಿತು, ಕರು ಉಳಿಯಲಿಲ್ಲ. ಅಲ್ಲೇ ಸಗಣಿಯಲ್ಲಿ ಕೂತು ಬಿಕ್ಕಿಬಿಕ್ಕಿ ಅತ್ತೆ. ಆ ಕರುವಿನ ಬಿಸಿ ಇನ್ನೂ ಕೈಯಲ್ಲಿತ್ತು.

ಮನೆಯಾಕೆ ನನಗೆ ಚಹಾ ಕುಡಿಸಿದಳು, ಕುಪ್ಪಸದ ಖಣ ಇಟ್ಟು ಬಾಣಂತಿಗೆ ತುಂಬುವಂತೆ ನನ್ನ ಉಡಿ ತುಂಬಲು ಬಂದಳು. ಪಕ್ಕದ ಮನೆಯವಳು, "ಕರಾ ಸತ್ತೈತಿ, ಉಡಿ ಯಾಕ ತುಂಬತಿಯವಾ?" ಎಂದಳು.

"ಏನ್ಮಾಡ್ಲಿ? ಆಕಳಾ ಆಗಳೆ ಮೇವು ತಿನ್ನಾಕ ಹತ್ತೇತಿ, ಡಾಕ್ಟ್ರ ಇನ್ನೂ ಸುಧಾರ್ಸವಲ್ರು!"

ಹಳದಿ ಕುರಿಗಳು

ವರ್ಷ ಮುಗಿಯಲು ಹದಿನೈದು ದಿನವಿತ್ತು. ಬಾಗಲಕೋಟೆಯಿಂದ ಹಿರಿಯ ಡಾಕ್ಟರು ನನ್ನ ಕೆಲಸ ನೋಡಿ ವರದಿ ಬರೆಯಲು ಬರುವ ದಿನವೇ ಒಬ್ಬ ಅಜ್ಜನ ಕುರಿಗಳಿಗೆ ಲಸಿಕೆ ಹಾಕುವುದಿತ್ತು. ಚುಚ್ಚಿದ ಕುರಿಗೆ ಗುರುತು ಹಾಕುವ ಬಣ್ಣ ಮರೆತು ಬಂದಿದ್ದೆ. ಅಜ್ಜನ ಹೆಂಡತಿ ಅಜ್ಜಿಯನ್ನು ಅರಿಷಿಣ ಕೇಳಿದೆ. ಅವರು ಮನೆದೇವರು ಬೀರಪ್ಪನ ಭಂಡಾರವನ್ನೇ, ಪೂಜೆಯ ಅರಿಷಿಣದ ಪುಡಿಯನ್ನೇ, ತಂದುಕೊಟ್ಟರು. ಚುಚ್ಚುವುದು, ಹಣೆಗೆ ಹಚ್ಚುವುದು, ಬಿಡುವುದು. ಅರ್ಧ ಮಂದೆ ಮುಗಿಯಿತು.

ನೀರು ಕುಡಿದು ಬರುವಷ್ಟರಲ್ಲಿ ಮಂದೆಯ ಅಷ್ಟೂ ಹಣೆ ಹಳದಿ. ಅಜ್ಜಿ ಕೈ ಝಾಡಿಸುತ್ತ ನಿಂತಿದ್ದರು.

"ಅರ್ಧಕ್ಕ ಭಂಡಾರ ಹಚ್ಚಿ ಅರ್ಧಕ್ಕ ಬಿಟ್ರ ಬೀರಪ್ಪ ಸಿಟ್ಟಾಗೂದಿಲ್ಲೇನವಾ? ನೀ ದಣದಿದ್ದಿ, ನಾನ ಮುಗಿಸೇನಿ."

ಅದೇ ಹೊತ್ತಿಗೆ ಹಿರಿಯ ಡಾಕ್ಟರ ಜೀಪು ಬಂತು. "ಯಾವ್ ಆಗ್ಯಾವ, ಯಾವ್ ಉಳದಾವ?" ಎಂದರು. ನೌಕರಿ ಹೋಯಿತು ಅಂದುಕೊಂಡೆ.

ಅಜ್ಜ ಕಂಬಳಿ ಕೊಡವಿ ಎದ್ದರು. ಒಂದೊಂದೇ ಕುರಿಯ ಮುಖ ನೋಡಿ, "ಇದಾಗೇತಿ. ಇದಿಲ್ಲ. ಇದರ ಅವ್ವಂದಾಗೇತಿ, ಇದರದಿಲ್ಲ" ಎಂದು ಬೇರೆ ಮಾಡತೊಡಗಿದರು. ಹಿರಿಯರು ನಂಬಲಿಲ್ಲ.

"ಸಾಹೇಬ್ರ, ನಿಮ್ಮ ಮಕ್ಕಳೊಳಗ ಯಾರು ಉಂಡಾರ, ಯಾರು ಉಂಡಿಲ್ಲ ನಿಮಗ ಗೊತ್ತಾಗೂದಿಲ್ಲೇನ್ರಿ?"

ಹಿರಿಯರು ಉಳಿದವನ್ನು ತೋರಿಸಿ ನನಗೆ ಸನ್ನೆ ಮಾಡಿದರು. ಉಳಿದವಕ್ಕೆ ಚುಚ್ಚಿ ಮುಗಿಸಿದೆ. ಹೊರಡುವಾಗ ಅವರು ನನ್ನೆದುರಿಗೇ ಅಜ್ಜನನ್ನು ಕೇಳಿದರು: "ಖರೆ ಹೇಳ್ರಿ ಯಜಮಾನ್ರ, ಈ ಡಾಕ್ಟ್ರು ಹೆಂಗ ಅದಾರ?"

ಅಜ್ಜ ನನ್ನನ್ನೊಮ್ಮೆ, ಹಳದಿ ಕುರಿಗಳನ್ನೊಮ್ಮೆ ನೋಡಿದರು.

"ಕೆಲಸ ಇನ್ನೂ ಬರೂದಿಲ್ರಿ. ಆದ್ರ ಇಕಿನ್ನ ಒಯ್ಯಬ್ಯಾಡ್ರಿ. ವರ್ಷ ಪೂರ್ತಿ ಊರ ಮಂದಿ ಕೂಡಿ ಇಷ್ಟರ ಕಲಿಸೇವಿ. ಹೊಸಬರನ್ನ ಕಳಿಸಿದ್ರ ಮತ್ತ ಮೊದಲಿಂದ ಕಲಿಸೂದು ನಮ್ಮ ಕೈಲೆ ಆಗೂದಿಲ್ರಿ!"