ಅಪ್ಪ, ಕರಕಿ ಮತ್ತ ಹುಲ್ಲಿನ ಮಷೀನು

ಮನ್ಯಾಗ ಒಂದು ಮಷೀನು ಇತ್ತಂದ್ರ ಅದು ಕೆಡತದ. ಕೆಟ್ಟ ಕೂಡ್ಲೆ ನಾಕು ಮಂದಿ ಸೇರತಾರ. ನಾಕು ಮಂದಿ ಸೇರಿದ್ರ ಏನರೆ ಒಂದು ಫಜೀತಿ ಆಗೇ ಆಗತದ. ಇದು ಎಲ್ಲಾರ ಮನಿ ಕಥಿ. ಆದ್ರ ಆಳಂದದಾಗ ನಮ್ಮ ಓಣ್ಯಾಗ ಹುಲ್ಲು ಕತ್ತರಿಸೋ ಮಷೀನು ಇದ್ದದ್ದು ನಮ್ಮದೊಂದೇ ಮನ್ಯಾಗ. ಹಂಗಾಗಿ ಅದರ ಫಜೀತಿ ಹಂಚಿಕೊಳ್ಳಾಕ ಬ್ಯಾರೆ ಯಾರೂ ಇರಲಿಲ್ಲ. ಅದರಾಗ ನಮ್ಮ ಅಪ್ಪ ಬ್ಯಾರೆ ಇದ್ದ. ಈಗ ಅಪ್ಪ ಇಲ್ಲ. ಅವನ ಮಾತು ನೆನಪಾದ್ರ ಮೊದಲು ನಗು ಬರತದ, ಆಮ್ಯಾಲೆ ಅಳು. ನಗು ಬರೂದಷ್ಟು ಹೇಳಿಬಿಡತೇನಿ.

ಕರಕಿ

ಅಪ್ಪ ನಿಂಬರ್ಗಾದ ರೈತ. ಹೊಲ ನೋಡಾಕ ಅಲ್ಲಿ ನನ್ನ ತಮ್ಮ ಇದ್ದ, ಆದ್ರೂ ಅಪ್ಪ ದಿನಾ ಹೊಲಕ್ಕ ಹೋಗಾವನೇ. ಕಣ್ಣಿಗಿ ಹನಿ ಹಾಕ್ಕೊ ಅಂತ ಕಲಬುರ್ಗಿ ಡಾಕ್ಟರು ಕೊಟ್ಟ ಔಷಧ ಗೂಡಿನಾಗೇ ಇಟ್ಟು ಎಡಗಣ್ಣು ಪೂರಾ ಕಳಕೊಂಡ. ಉಳಿದದ್ದು ಬಲಗಣ್ಣು. ಡಾಕ್ಟರು ನನ್ನ ಬದಿಗಿ ಕರದು, "ಮಾಸ್ತರ್, ಈ ಕಣ್ಣಿಗಿ ಮುಂಜಾನಿ-ಸಂಜಿಗಿ ತಪ್ಪದಂಗ ಹನಿ ಬೀಳಬೇಕು. ತಪ್ಪಿದ್ರ ಇದೂ ಹೋಗತದ" ಅಂದ್ರು. ನಾನು ಅಂಜಿ, ಅಪ್ಪನ್ನ ಆಳಂದಕ್ಕ ನಮ್ಮ ಮನಿಗೇ ಕರಕೊಂಡು ಬಂದೆ. ಹನಿ ಹಾಕೋ ಕೆಲಸ ನಮ್ಮ ಮನಿಯಾಕಿ ವಹಿಸಿಕೊಂಡ್ಲು.

ಆದ್ರ ಅಪ್ಪನ ಮನಸ್ಸು ಊರಾಗ. ದಿನಾ ಮುಂಜಾನಿ ಧೋತ್ರ, ಅಂಗಿ, ಎಲಿ-ಅಡಕಿ ಸಂಚಿ ಎಲ್ಲಾ ಒಂದು ಕೈಚೀಲಕ್ಕ ತುಂಬಿ, "ನಾ ಹೊಂಟೆ" ಅಂತಿದ್ದ. ದಿನಾ ಒಂದು ನೆಪ ಹೇಳಿ ನಿಲ್ಲಸೂದು ನಮ್ಮ ಕೆಲಸ.

ಅದೇ ಮಳಿಗಾಲದಾಗ ನನಗ ಲಾನಿನ ಹುಚ್ಚು ಹತ್ತಿತ್ತು. ನರ್ಸರಿಯಿಂದ ಹುಲ್ಲು ತಂದು ಮನಿ ಮುಂದಿನ ಅಂಗಳಕ್ಕ ಹಾಕಿಸಿದೆ. ಅಪ್ಪ ಬಂದು ನಿಂತು ನೋಡಿದ.

"ಏನಲೇ ಇದು?"

"ಲಾನ್, ಅಪ್ಪಾ."

ಬಗ್ಗಿ ಒಂದು ಎಳಿ ಕಿತ್ತು, ಕಣ್ಣಿನ ಹಂತ್ಯಾಕ ಹಿಡದು ತಿರುವಿ ತಿರುವಿ ನೋಡಿದ. "ಇದು ಕರಕಿ."

ಗಣಪತಿಗಿ ಏರಸ್ತೇವಲ್ಲ, ಅದೇ ಕರಕಿ. ಎರಿ ಹೊಲದಾಗ ಅದು ಬಂತಂದ್ರ ರೈತನ ಎದಿ ಒಡೀತದ. ಮ್ಯಾಲೆ ಒಂದು ಗೇಣು ಕಂಡ್ರ ಒಳಗ ಮಾರುದ್ದ ಬೇರು. ಅಪ್ಪನ ಅರ್ಧ ಆಯುಷ್ಯ ಅದನ್ನ ಅಗದು ತಗಿಯೂದ್ರಾಗೇ ಹೋಗಿತ್ತು.

"ಕರಕಿ ಜಾತೀದೇ ಅಪ್ಪಾ, ಆದ್ರ ಇದು ನರ್ಸರಿದು" ಅಂದೆ.

"ರೊಕ್ಕ ಕೊಟ್ಟು ತಂದೀಯೇನು?"

"ಹೂಂ."

ಅಪ್ಪ ಸೊಸಿ ಕಡೆ ಹೊಳ್ಳಿದ. "ಯವ್ವಾ, ಮೊದಲು ಈ ಮಗಾನ ತಲಿ ಡಾಕ್ಟರಿಗಿ ತೋರ್ಸು. ನನ್ನ ಕಣ್ಣಿಂದು ಆಮ್ಯಾಲೆ ನೋಡೋಣಂತ."

ಎಂಜಲು ಹುಲ್ಲು

ಹುಲ್ಲು ಬೆಳೀತು. ಅದನ್ನ ಸಮ ಮಾಡಾಕ ಮಷೀನು ಬೇಕಾತು. ಹವಳಗಾ ಕಡೆ ಸಕ್ಕರಿ ಕಾರ್ಖಾನ್ಯಾಗ ಇದ್ದ ಪರಿಚಯದ ಇಂಜಿನಿಯರು ಒಬ್ರು ಬ್ಯಾರೆ ಕಡೆ ಹೊಂಟಿದ್ರು, ತಮ್ಮ ಮನ್ಯಾಗಿನ ಪೆಟ್ರೋಲ್ ಮಷೀನು ನನಗ ಕೊಟ್ರು. ಕೊಡುವಾಗ, "ಪ್ಲಗ್ ಸ್ವಚ್ಛ ಇಡ್ರಿ, ಎಣ್ಣಿ ನೋಡಕೋತ ಇರ್ರಿ, ಬ್ಲೇಡಿಗಿ ಸಾಣಿ ಹಿಡಸ್ರಿ, ಬಹಳ ದಿನ ನಿಲ್ಲಸೂದಿದ್ರ ಪೆಟ್ರೋಲ್ ಖಾಲಿ ಮಾಡ್ರಿ" ಅಂತ ಎಲ್ಲಾ ಹೇಳಿದ್ರು. ನಾ ಎಲ್ಲಾದಕ್ಕೂ ತಲಿ ಆಡಿಸಿದೆ. ನನ್ನ ಕ್ಲಾಸಿನ್ಯಾಗ ಹಿಂದಿನ ಬೆಂಚಿನವ್ರು ಹೆಂಗ ಆಡಸ್ತಾರ, ಹಂಗ.

ಬಾಜು ಮನ್ಯಾಗ ಒಬ್ಬಾಕಿ ಕಾಕಿ ಇದ್ಲು, ಎಮ್ಮಿ ಕಟ್ಟಿದ್ಲು. ಮಷೀನಿನ ಸಪ್ಪಳ ಕೇಳಿದ ಕೂಡ್ಲೆ ಬುಟ್ಟಿ ಹಿಡಕೊಂಡು ಬರಾಕಿ. ಕತ್ತರಿಸಿದ ಹುಲ್ಲು ಹಿಂದಿನ ಚೀಲದಾಗ ಬೀಳತಿತ್ತು, ಅದನ್ನ ಒಯ್ದು ಎಮ್ಮಿಗಿ ಹಾಕಾಕಿ. ಒಮ್ಮೆ ನಾ ಟ್ಯಾಂಕಿಗಿ ಪೆಟ್ರೋಲ್ ಹಾಕುವಾಗ ಕೈ ತಪ್ಪಿ ಚೀಲದ ಮ್ಯಾಲೆ ಚೆಲ್ಲಿದೆ. ಒರಸಿ ಸುಮ್ಮನಾದೆ. ಸಂಜಿಗಿ ಕಾಕಿ ತುಂಬಿದ ಬುಟ್ಟಿ ಹಂಗೇ ಹೊಳ್ಳಿ ತಂದು ನಮ್ಮ ಕಟ್ಟಿ ಮ್ಯಾಲೆ ಇಟ್ಲು.

"ಯಾಕ ಕಾಕಿ?"

"ನಮ್ಮ ಎಮ್ಮಿ ಮೂಸಿ ಮಾರಿ ತಿರುವಿತು ಮಾಸ್ತರ್. ನಿಮ್ಮ ಮಷೀನು ತಿಂದು ಬಿಟ್ಟ ಎಂಜಲು ಅದು ತಿನ್ನಂಗಿಲ್ಲ."

ಬೈತಲಿ

ಬ್ಲೇಡ್ ಮೊಂಡಾತು. ನಾನೇ ಬಿಚ್ಚಿ, ಕಮ್ಮಾರನ ಕಡೆ ಸಾಣಿ ಹಿಡಿಸಿ, ನಾನೇ ಹೊಳ್ಳಿ ಕೂಡಿಸಿದೆ. ಇಂಥ ಕೆಲಸಕ್ಕ ಮಿಸ್ತ್ರಿ ಯಾಕ ಬೇಕು ಅಂತ ಮನಿಯಾಕಿ ಮುಂದ ಜಂಬ ಬ್ಯಾರೆ ಕೊಚ್ಚಿಕೊಂಡೆ. ಹಗ್ಗ ಜಗ್ಗಿದೆ, ಮಷೀನು ಗುಡುಗಿತು. ಅಂಗಳದ ಈ ತುದಿಯಿಂದ ಆ ತುದಿತನಕ ದೂಡಕೋತ ಹೋದೆ. ಹೊಳ್ಳಿ ನೋಡತೇನಿ, ಹುಲ್ಲು ಎಲ್ಲಾ ಒಂದೇ ದಿಕ್ಕಿಗಿ ಮಲಗ್ಯಾದ. ಒಂದು ಎಳಿನೂ ಕತ್ತರಿಸಿಲ್ಲ. ಚೀಲ ಬಿಚ್ಚಿದೆ, ಖಾಲಿ. ಇನ್ನೊಮ್ಮೆ ಹೋದೆ, ಈ ಕಡೆ ಮಲಗಿದ್ದು ಆ ಕಡೆ ಮಲಗಿತು. ಬ್ಲೇಡ್ ತಲಿಕೆಳಗ ಕೂಡಿಸಿದ್ದೆ ಅಂತ ಮರುದಿನ ಮಿಸ್ತ್ರಿ ಬಂದು ಹೇಳೂತನಕ ಗೊತ್ತಾಗಲಿಲ್ಲ.

ಅಪ್ಪ ಕಟ್ಟಿ ಮ್ಯಾಲೆ ಎಲಿಗಿ ಸುಣ್ಣ ಸವರಕೋತ ಎಲ್ಲಾ ನೋಡತಿದ್ದ.

"ಬಾಚೂದು ಛಲೋ ಆಗ್ಯಾದ ಬಿಡು" ಅಂದ. "ಇನ್ನ ಒಂದೀಟು ಕೊಬ್ರಿ ಎಣ್ಣಿ ಹಚ್ಚಿ ಬೈತಲಿ ತಗದುಬಿಡು."

ತೊಗರಿ

ನಡುವ ಮಳಿ ಹಿಡೀತು. ಮಷೀನು ತೋಯಬಾರದು ಅಂತ ಅಡಗಿಮನಿ ಹಿಂದಿನ ಖೋಲ್ಯಾಗ ಇಟ್ಟೆ. ಊರಿಂದ ತಮ್ಮ ಕಳಿಸಿದ ತೊಗರಿ ಚೀಲನೂ ಅಲ್ಲೇ ಇದ್ವು. ಮಳಿ ನಿಂತ ಮ್ಯಾಲೆ ಹೊರಗ ತಂದು ಹಗ್ಗ ಜಗ್ಗತೇನಿ, ಚಾಲೂ ಆಗವಲ್ದು. ನಾ ಜಗ್ಗಿದೆ, ಮನಿಯಾಕಿ ಜಗ್ಗಿದ್ಲು, ಹಾಲು ಹಾಕಾವ ಜಗ್ಗಿದ, ರಸ್ತಾದಾಗ ಹೊಂಟವ್ರೂ ಒಳಗ ಬಂದು ಒಂದೊಂದು ಸಲ ಜಗ್ಗಿ ಹೋದ್ರು. ಕಾಕಿನೂ ಸೀರಿ ಸೆರಗು ನಡಕ್ಕ ಸಿಗಿಸಿ ಜಗ್ಗಿದ್ಲು. ಏನೂ ಆಗಲಿಲ್ಲ.

ಬಸ್ ಸ್ಟ್ಯಾಂಡ್ ಹಂತ್ಯಾಕ ಔಷಧ ಹೊಡಿಯೋ ಪಂಪ್ ರಿಪೇರಿ ಮಾಡೋ ಆ ಮಿಸ್ತ್ರಿನ್ನೇ ಹೊಳ್ಳಿ ಕರಸಿದೆ. ಅವ ಪ್ಲಗ್ ತಗದು ಒರಸಿ ನೋಡಿದ, ಪೆಟ್ರೋಲ್ ನೋಡಿದ, ಕಡೀಕ ಗಾಳಿ ಒಳಗ ಹೋಗೋ ಫಿಲ್ಟರ್ ಡಬ್ಬಿ ಬಿಚ್ಚಿದ. ಬಿಚ್ಚಿದ ಕೂಡ್ಲೆ ಪಟಪಟ ಅಂತ ತೊಗರಿ ಉದುರಿದ್ವು. ಇಲಿ ಅಲ್ಲಿ ಗೋದಾಮು ಮಾಡಿತ್ತು.

ಮಿಸ್ತ್ರಿ ತಲಿ ಮ್ಯಾಲೆ ಕೈ ಇಟ್ಟುಕೊಂಡ. "ಅರೇ ಸರ್, ಇದು ಪೆಟ್ರೋಲ್ ಮ್ಯಾಲೆ ನಡಿಯೂದು ಅದ. ತೊಗರಿ ಯಾಕ ಹಾಕೀರಿ?"

ಅಷ್ಟರಾಗ ಮನಿಯಾಕಿ ಕಾಳು ಕೇರೋ ಮರ ತಂದು ಕುಂತು ತೊಗರಿ ಆರಸಾಕತ್ತಿದ್ಲು. "ನಿಮ್ಮ ಮಷೀನಿನಿಂದ ಮನಿಗಿ ಬಂದ ಮೊದಲನೇ ಬೆಳಿ ಇದು" ಅಂದ್ಲು.

ಈಬತ್ತಿ

ದಸರಾದಾಗ ಖಂಡೆ ಪೂಜಿ ಬಂತು. ಊರಾಗ ಅಪ್ಪ ಕುಂಟಿ, ಕೂರಿಗಿ, ಕುಡುಗೋಲು ಎಲ್ಲಾ ತೊಳದು ಸಾಲಾಗಿ ಇಟ್ಟು ಪೂಜಿ ಮಾಡತಿದ್ದ. ಇಲ್ಲಿ ಅವು ಏನೂ ಇಲ್ಲ. ಮುಂಜಾನಿಯಿಂದ ಮಾರಿ ಸಣ್ಣದು ಮಾಡಕೊಂಡು ಕುಂತಿದ್ದ. "ಅಪ್ಪಾ, ಮಷೀನು ಅದಲ್ಲ, ಅದಕ್ಕೇ ಮಾಡು" ಅಂದೆ. ಅಪ್ಪ ಎದ್ದೇ ಬಿಟ್ಟ. ಅದನ್ನ ತೊಳದ, ಚಂಡು ಹೂವಿನ ಮಾಲಿ ಹಾಕಿದ, ಗಾಲಿಗಿ ನಿಂಬಿಹಣ್ಣು ಇಟ್ಟ, ಕಾಯಿ ಒಡದ. ಅಷ್ಟು ದಿನಕ್ಕ ಅವತ್ತೇ ಅವನ ಮಾರಿ ಮ್ಯಾಲೆ ಕಳಿ ಕಂಡದ್ದು.

ಮರುದಿನ ಮಷೀನು ಮತ್ತ ಚಾಲೂ ಆಗವಲ್ದು. ಮತ್ತ ಮಿಸ್ತ್ರಿ ಬಂದ. ಪ್ಲಗ್ ಹೊರಗ ತಗದು ನೋಡಿ, ಹೊಳ್ಳಿ ನನ್ನ ಮಾರಿ ನೋಡಿದ. ಪ್ಲಗ್ಗಿನ ತುಂಬ ವಿಭೂತಿ, ಅದರ ಮ್ಯಾಲೆ ನೀರು. ಒಳಗೂ ಒಂದೀಟು ಇಳದಿತ್ತು.

"ಅಪ್ಪಾ, ಇದಕ್ಕ್ಯಾಕ ಹಚ್ಚಿದಿ?"

"ಮತ್ತೆಲ್ಲಿ ಹಚ್ಚಬೇಕು? ಮುಂದ, ಎಲ್ಲಾಕ್ಕಿಂತ ಮ್ಯಾಲೆ ಇರೂದು ಹಣಿ ಅಲ್ಲೇನು?"

"ಆದ್ರ ಅದರ ಮ್ಯಾಲೆ ರಬ್ಬರಿನ ಟೋಪಿ ಇರತದಲ್ಲ, ಅದು ಬಿಗಿ ಇತ್ತಲ್ಲ?"

ಅಪ್ಪನಿಗಿ ಸಿಟ್ಟು ಬಂತು. "ಟೋಪಿ ಮ್ಯಾಲೆ ಯಾರರೆ ಈಬತ್ತಿ ಹಚ್ಚತಾರೇನಲೇ? ಟೋಪಿ ತಗದೇ ಹಚ್ಚೀನಿ."

ಅಪ್ಪನ ರಿಪೇರಿ

ದಸರಾ ಮುಗೀತು. ಹಿಂಗಾರಿ ಬಿತ್ತೋ ಹೊತ್ತು. ಇನ್ನ ಅಪ್ಪನ್ನ ಹಿಡಿಯೂದು ಯಾರ ಕೈಲೂ ಆಗದಂಗಾತು. ನೆಪ ಎಲ್ಲಾ ತೀರಿದ್ವು. ಹನಿ ಹಾಕಾಕ ಸೊಸಿ ಬಂದ್ರ ಮಾರಿ ಗ್ವಾಡಿ ಕಡೆ ತಿರುವಾಕತ್ತಿದ. "ಕೂರಿಗಿ ಹೂಡಿರತಾರಲೇ ಅಲ್ಲಿ. ನಾ ಇಲ್ಲಿ ಕುಂತು ನಿನ್ನ ಕರಕಿ ಕಾಯಲೇನು? ಬರೋ ಸೋಮವಾರ ಹೊಂಟೆ. ಅಡ್ಡ ಬಂದ್ರ ನೋಡು" ಅಂದ. ನಮ್ಮಿಬ್ಬರಿಗೂ ರಾತ್ರಿ ನಿದ್ದಿ ಹತ್ತಲಿಲ್ಲ. ಊರಿಗಿ ಹೋದ ಅಂದ್ರ ಹನಿ ತಪ್ಪಿದ್ದೇ, ಕಣ್ಣು ಹೋದದ್ದೇ.

ಅದರ ನಡುವನೇ ನನಗ ಜೇವರ್ಗಿಗಿ ಟ್ರೇನಿಂಗ್ ಬಂತು. ಮನಿಯಾಕಿಗಿ ಅಫಜಲಪುರದಾಗ ತಂಗಿ ಮನ್ಯಾಗ ಕಾರ್ಯ, ತಪ್ಪಸಾಕ ಬರಂಗಿಲ್ಲ. ಹೊರಡುವಾಗ ಕಾಕಿ ಕೈಯಾಗ ಹನಿ ಔಷಧ ಕೊಟ್ಟು, "ಮುಂಜಾನಿ-ಸಂಜಿಗಿ ಇದು ಹಾಕು. ಅಪ್ಪನ್ನ ಮಾತ್ರ ಮನಿ ಬಿಟ್ಟು ಎಲ್ಲಿಗೂ ಹೋಗಗೊಡಬ್ಯಾಡ. ಬಸ್ ಸ್ಟ್ಯಾಂಡ್ ಕಡೆ ಅಂತೂ ಬಿಲ್ಕುಲ್ ಬಿಡಬ್ಯಾಡ" ಅಂತ ಕೈ ಮುಗದೆ.

ಎರಡು ದಿನ ಬಿಟ್ಟು ಇಬ್ಬರೂ ಒಂದೇ ಹೊತ್ತಿಗಿ ಹೊಳ್ಳಿ ಬಂದ್ವಿ. ಗೇಟು ತಗದೆ. ತಗದು ಅಲ್ಲೇ ನಿಂತೆ.

ಲಾನ್ ಇಲ್ಲ. ಅಂಗಳ ಕರ್ರಗ ಹೊಳ್ಳಿ ಮಗುಚಿ ಬಿದ್ದದ. ಹೆಂಟಿ ಒಡದು, ಮಣ್ಣು ಹಿಟ್ಟಿನಂಗ ಮಾಡಿ, ದಾರ ಹಿಡದಂಗ ಸಾಲು ಬಿಟ್ಟಾರ. ಗ್ವಾಡಿ ಕಡೆ ಕರಕಿ ಬೇರು ಒಂದು ಬಣವಿ ಬಿದ್ದದ. ಕಟ್ಟಿ ಮ್ಯಾಲೆ ಅಪ್ಪ ಕಾಲು ಮ್ಯಾಲೆ ಕಾಲು ಹಾಕ್ಕೊಂಡು ಕುಂತಾನ, ಮೊಣಕಾಲ ತನಕ ಮಣ್ಣು. ಬಾಜೂಕ ಕಾಕಿ, ಅಕಿ ಕೈಯಾಗ ಕಳೆ ತಗಿಯೋ ಖುರ್ಪಿ.

"ಕಾಕಿ! ನೋಡಕೋ ಅಂತ ಹೇಳಿ ಹೋಗಿದ್ನಲ್ಲ?"

"ನೋಡಕೊಂಡೀನಲ್ಲೋ ಮಾಸ್ತರ್. ಮನಿ ಬಿಟ್ಟು ಹೋಗಗೊಡಬ್ಯಾಡ ಅಂದಿ, ಹೋಗಗೊಟ್ಟಿಲ್ಲ. ಮನ್ಯಾಗ ಏನು ಮಾಡತಾನ ನೋಡು ಅಂತ ನೀ ಹೇಳಲೇ ಇಲ್ಲ."

ನಾ ಅಪ್ಪನ ಕಡೆ ಹೊಳ್ಳಿದೆ. "ಅಪ್ಪಾ, ಯಾಕ ಕಿತ್ತಿ?"

"ನಿನ್ನ ಸಲುವಾಗೇ ಕಿತ್ತೀನಿ" ಅಂದ ಅಪ್ಪ, ಬಹಳ ಸಮಾಧಾನದಿಂದ. "ಆ ಮಷೀನು ಒಂದು ದಿನ ನಡೀತದ, ನಾಕು ದಿನ ಕೆಡತದ. ಹಗ್ಗ ಜಗ್ಗಿ ಜಗ್ಗಿ ನಿನ್ನ ರಟ್ಟಿ ಬಿದ್ದು ಹೋಗ್ಯಾವ. ಆ ಮಿಸ್ತ್ರಿ ಪ್ಲಗ್ ನೋಡಿದ, ಫಿಲ್ಟರ್ ನೋಡಿದ, ಬ್ಯಾನಿ ಎಲ್ಲಿ ಅದ ಅಂತ ಅವನಿಗಿ ಹತ್ತಲಿಲ್ಲ. ಬ್ಯಾನಿ ಹುಲ್ಲಿನ್ಯಾಗ ಇತ್ತು. ಹುಲ್ಲೇ ತಗದೀನಿ. ಇನ್ನ ಆ ಮಷೀನು ಜನ್ಮದಾಗ ಕೆಡಂಗಿಲ್ಲ ನೋಡು."

ನಾ ಮಷೀನು ನೋಡಿದೆ, ಅಂಗಳ ನೋಡಿದೆ. ಅಳಬೇಕೋ ನಗಬೇಕೋ ತಿಳೀಲಿಲ್ಲ. ಆದ್ರ ನಮ್ಮ ಮನಿಯಾಕಿ ಶಾಣ್ಯಾಕಿ. ಅಕಿ ಲಾನಿನ ಮಾತೇ ಎತ್ತಲಿಲ್ಲ. ಸಾಲು ನೋಡಿ, "ಮಾವಾರ, ಏನು ಬಿತ್ತೀರ್ರಿ?" ಅಂತ ಕೇಳಿದ್ಲು.

"ಬಿಳಿಜ್ವಾಳ. ರೊಟ್ಟಿಗಿ ಅಂತ ನೀ ಇಟ್ಟಿದ್ದಿಯಲ್ಲ, ಅದ್ರಾಗಿಂದೇ ಆರಿಸಿ ತಗೊಂಡೀನಿ."

"ಛಲೋ ಆತು ಬಿಡ್ರಿ. ಮತ್ತ ನಾಳಿ ಸೋಮವಾರ. ಊರಿಗಿ ಹೊಂಟೀರಲ್ಲ? ಬುತ್ತಿ ಕಟ್ಟಲೇನ್ರಿ?"

ಬ್ಯಾಡ ಅಂತ ನಾ ಅಕಿಗಿ ಕಣ್ಸನ್ನಿ ಮಾಡಿದೆ. ಅಪ್ಪ ಸೊಸಿ ಮಾರಿ ಪಿಳಿಪಿಳಿ ನೋಡಿದ. ಆಮ್ಯಾಲೆ ಕೆಂಡದಂಥ ಸಿಟ್ಟು ಬಂತು.

"ಹುಚ್ಚಿ ಅದೀಯೇನವ್ವಾ? ಬಿತ್ತಿದ್ದು ಬಿಟ್ಟು ಯಾರರೆ ಊರಿಗಿ ಹೋಗತಾರೇನು? ನೀರು ಬಿಡೋರು ಯಾರು? ಹಕ್ಕಿ ಹೊಡಿಯೋರು ಯಾರು, ಈ ಮಾಸ್ತರನೇನು? ಅಲ್ಲಿ ನಿನ್ನ ಮೈದುನ ಅದಾನ, ನೋಡಕೋತಾನ. ರಾಶಿ ಆಗೋತನಕ ನಾ ಈ ಅಂಗಳ ಬಿಟ್ಟು ಕದಲಂಗಿಲ್ಲ." ಹಂಗೇ ಕಟ್ಟಿ ಮ್ಯಾಲೆ ಸರದು ಕುಂತು, ತಾನೇ ಮಾರಿ ಮ್ಯಾಲೆ ಎತ್ತಿದ. "ಆ ಹನಿ ತಗೊಂಡು ಬಾ ಮೊದಲು. ಮೊಳಕಿ ಎದ್ದಾಗ ನನಗ ಕಾಣಬೇಕಲ್ಲ!"

ಅಷ್ಟು ತಿಂಗಳಿಗಿ ಅಪ್ಪ ತಾನಾಗಿ ಹನಿ ಕೇಳಿದ್ದು ಅದೇ ಮೊದಲು. ಮನಿಯಾಕಿ ಓಡಿ ಹೋಗಿ ಔಷಧ ತಂದು ಬಲಗಣ್ಣಿಗಿ ಬಿಟ್ಲು. ನಾ ಕಂಬಕ್ಕ ಆತು ನಿಂತಿದ್ದೆ, ತಡಕೊಳ್ಳಾಕ ಆಗಲಿಲ್ಲ, ಕಣ್ಣಾಗ ನೀರು ದಳದಳ ಇಳದ್ವು.

ಅಪ್ಪ ಹನಿ ಬಿದ್ದ ಕಣ್ಣು ಅರ್ಧ ತೆರದು ನನ್ನ ಕಡೆ ನೋಡಿದ.

"ಯವ್ವಾ, ಇವನ ಕಣ್ಣೂ ಸೋರಾಕತ್ತಾವ ನೋಡು. ಉಳದಿದ್ರ ಇವನಿಗೂ ಎರಡು ಹನಿ ಹಾಕು."