ಗುಮ್ಮಟದ ಗೋಡೆಗೆ ಹೇಳಿದ ಮಾತು

ಮಾನ್ಯರೇ,

‘ಬೆನ್ನಟ್ಟಿದ ಬೆಳದಿಂಗಳು’ ಕಾದಂಬರಿಯ ಕರ್ತೃಗಳಾದ ತಮ್ಮ ಸನ್ನಿಧಿಗೆ ತಿಕೋಟಾದ ಪ್ರಾಥಮಿಕ ಶಾಲೆಯ ಮಾಸ್ತರ ಪ್ರಲ್ಹಾದನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನನ್ನ ಮಾನವೊಂದನ್ನು ಬಿಟ್ಟು ಉಳಿದೆಲ್ಲವೂ ಕ್ಷೇಮ.

ನಮ್ಮ ವಿಜಾಪುರದ ಮೇಲೆ ತಾವು ತೋರಿದ ಔದಾರ್ಯಕ್ಕೆ ಮೊದಲು ವಂದಿಸುತ್ತೇನೆ. ನಳಕ್ಕೆ ನೀರು ಬಾರದ ಊರಿನ ನಡುವೆ ದೋಣಿ ಸಾಗುವಂಥ ನದಿ ಹರಿಸಿದ್ದೀರಿ. ಖಳರು ಜೀಪಿನಲ್ಲಿ ಬೆನ್ನಟ್ಟಿದರೂ ಸಿಗದ ತಮ್ಮ ನಾಯಕ, ನಾಯಕಿಯ ಚಹಾ ಆರುವುದರೊಳಗೆ ಹತ್ತಾರು ಮೈಲಿ ದೂರದ ತಿಕೋಟಾದಿಂದ ಟಾಂಗಾದಲ್ಲಿ ಗೋಳಗುಮ್ಮಟ ಮುಟ್ಟುತ್ತಾನೆ. ಇದನ್ನು ನಮ್ಮೂರ ಕುದುರೆಗಳಿಗೆ ಓದಿ ಹೇಳುವವರಿಲ್ಲ ಎಂಬುದೊಂದೇ ಕೊರತೆ. ಇದಾವುದಕ್ಕೂ ನನ್ನ ತಕರಾರಿಲ್ಲ.

ತಕರಾರಿರುವುದು ಗುಮ್ಮಟದೊಳಗಿನ ಪ್ರಕರಣದ ಬಗ್ಗೆ. ಅಲ್ಲಿ ನಾಯಕ ಮೇಲಿನ ಗ್ಯಾಲರಿಯ ಗೋಡೆಗೆ ಬಾಯಿಟ್ಟು “ನೀನೇ ನನ್ನ ಪ್ರಾಣ” ಎಂದು ಪಿಸುಗುಟ್ಟುತ್ತಾನೆ. ಎದುರು ಬದಿಯ ನಾಯಕಿಗೆ ಮಾತ್ರ ಕೇಳಿಸುತ್ತದೆ, ಪಕ್ಕದಲ್ಲೇ ನಿಂತ ಖಳರಿಗೆ ಕೇಳಿಸುವುದಿಲ್ಲ. ಹುಟ್ಟಿದಾಗಿನಿಂದ ಆ ಗುಮ್ಮಟ ನೋಡಿದವನಾದರೂ, ಅಚ್ಚಾದದ್ದು ಸುಳ್ಳಿರಲಾರದೆಂದು ನಂಬಿದೆ. ಮಕ್ಕಳ ಪ್ರವಾಸದ ದಿನ, ನಮ್ಮ ಶಾಲೆಯ ಶಿಕ್ಷಕಿ ರಾಧಾಬಾಯಿ ಅಕ್ಕೋರೇ ಎದುರಿನ ಗೋಡೆಗೆ ಕಿವಿಗೊಟ್ಟಿದ್ದಾರೆಂದು ಭಾವಿಸಿ, ಬಹಳ ದಿನಗಳಿಂದ ಗಂಟಲಲ್ಲೇ ಇದ್ದದ್ದನ್ನು ತಮ್ಮ ವಾಕ್ಯದಲ್ಲೇ ಪಿಸುಗುಟ್ಟಿದೆ. ಕಿವಿಗೊಟ್ಟಿದ್ದವರು ಅವರ ಜೊತೆಗೆ ಬಂದಿದ್ದ ಸೋದರತ್ತೆ ಸಖೂಬಾಯಿ. “ಯಾಂವಲೇ ಅಂವ, ನನ್ನ ಪ್ರಾಣಕ್ಕ ಬಂದಾಂವ?” ಎಂದು ಅವರು ಒಮ್ಮೆ ಕೇಳಿದ್ದನ್ನು ಗುಮ್ಮಟ ಏಳು ಸಲ ಕೇಳಿತು. ಮಕ್ಕಳು ತಿಕೋಟಾ ಮುಟ್ಟುವವರೆಗೂ ಬಸ್ಸಿನಲ್ಲಿ ಕೇಳಿದರು.

ಈಗ ಅತ್ತೆಯವರು ಅಕ್ಕೋರನ್ನು ದೂರದ ಕಾಖಂಡಕಿ ಶಾಲೆಗೆ ವರ್ಗ ಮಾಡಿಸಲು ಓಡಾಡುತ್ತಿದ್ದಾರೆ. ಅಕ್ಕೋರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಅವರಿಲ್ಲದ ಶಾಲೆಗೆ ನಾನು ಯಾವ ಮನಸ್ಸಿನಿಂದ ಹೋಗಲಿ, ಸ್ವಾಮಿ? ಆದ್ದರಿಂದ ಎರಡನೆಯ ಮುದ್ರಣದಲ್ಲಿ ಆ ಪಿಸುಮಾತನ್ನು ವಾಪಸು ತೆಗೆದುಕೊಳ್ಳಬೇಕೆಂದೂ, ಅದಾಗದಿದ್ದರೆ ಗುಮ್ಮಟವನ್ನಾದರೂ ತುಸು ಕಿವುಡು ಮಾಡಿಸಿಕೊಡಬೇಕೆಂದೂ ವಿನಂತಿ. ನದಿಯನ್ನೇ ತಂದವರಿಗೆ ಇದೇನು ದೊಡ್ಡದಲ್ಲ. ನದಿಯನ್ನು ಮಾತ್ರ ದಯವಿಟ್ಟು ಇರಗೊಡಿ.

ತಮ್ಮನ್ನು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಪ್ರಲ್ಹಾದ ಮಾಸ್ತರ

ತಾ.ಕ.: ಇದನ್ನು ಅಂಚೆಗೆ ಹಾಕುವ ಮೊದಲೇ ಅಕ್ಕೋರು ಶಾಲೆಯ ಬಾಗಿಲಲ್ಲಿ ನನ್ನನ್ನು ತಡೆದು, “ಮಾಸ್ತರ, ಗ್ವಾಡಿಗ್ಯಾಕ ಹೇಳಿದ್ರಿ? ನನಗ ಹೇಳಬೇಕಿತ್ತಲ್ರಿ” ಎಂದರು. ಹೇಳಿದೆ, ಈ ಸಲ ನನ್ನದೇ ಮಾತಿನಲ್ಲಿ. ತಮ್ಮ ನಾಯಕನಿಗೆ ಇಡೀ ಕಾದಂಬರಿಯಲ್ಲಿ ಹೊಳೆಯದ ಉಪಾಯವಿದು. ಅಕ್ಕೋರೇ ಹೇಳಿ ಅತ್ತೆಯವರ ವರ್ಗದ ಓಡಾಟ ನಿಲ್ಲಿಸಿದ್ದಾರೆ. ಅಕ್ಕೋರು ಕೊಟ್ಟ ಉತ್ತರವನ್ನು ಮಾತ್ರ ತಮಗೆ ಬರೆಯಲಾರೆ. ತಾವು ಅದರಲ್ಲೂ ಒಂದು ನದಿ ಹರಿಸಿಬಿಟ್ಟೀರಿ.