ಅಡುಗೆಮನೆಯಲ್ಲಿ ಸಾಗರತಳ

ಎಲ್ಲಕ್ಕೂ ಮೂಲ ಒಂದು ಸೋರುವ ಕೊಡ. ಲಕ್ಷ್ಮಿಕಾಂತ ಮಾಸ್ತರರು ರವಿವಾರ ಬೆಳಿಗ್ಗೆ ಎದ್ದಾಗ, ಅದರ ನೀರೆಲ್ಲ ಅಡುಗೆಮನೆಯ ಫರಸಿಕಲ್ಲುಗಳ ಸಂದಿಯಲ್ಲಿ ಇಳಿದುಹೋಗಿತ್ತು. ಒರೆಸಲು ಏನೂ ಉಳಿದಿಲ್ಲವಲ್ಲ ಎಂದು ಸಮಾಧಾನಪಟ್ಟು ಚಹಾ ಕುಡಿದು, ಮರುದಿನದ ಭೂಗೋಳ ಪಾಠವನ್ನು ಹಿತ್ತಲಲ್ಲಿ ನಿಂತು ಗಟ್ಟಿಯಾಗಿ ಹೇಳಿಕೊಳ್ಳತೊಡಗಿದರು.

ಸಿಮೆಂಟು ಕಾರ್ಖಾನೆ, ಕಲ್ಲಿನ ಖಣಿಗಳ ಊರಾದ ವಾಡಿಯಲ್ಲಿ ಮದುವೆಯಾಗದ ಗಂಡಸಿಗೆ ಯಾರೂ ಮನೆ ಕೊಡುವುದಿಲ್ಲ. ಓಣಿ ಓಣಿ ಅಲೆದು ಚಪ್ಪಲಿ ಸವೆದ ಮೇಲೆ ಸಿಕ್ಕ ಮನೆ ಇದು. ಮುಂಭಾಗದಲ್ಲೇ ಇರುವ ಮಾಲಕಿ ಶಿವಕಾಂತಮ್ಮ ಹೋದ ತಿಂಗಳಷ್ಟೇ ಹೊಸ ಫರಸಿ ಹಾಸಿಸಿದ್ದರು. ಕೀಲಿ ಕೊಡುವಾಗ ಆಡಿದ್ದು ಒಂದೇ ಮಾತು: "ನೋಡ್ರಿ ಮಾಸ್ತರ, ಒಂದು ಫರಸಿ ಅಳ್ಳಾಡಿದ್ರೂ ಅವತ್ತೇ ಖಾಲಿ ಮಾಡ್ಬೇಕು."

"ಯಾರ ಜೋಡಿ ಮಾತಾಡ್ಲಿಕತ್ತೀರಿ?" ಹಿತ್ತಲ ಗೋಡೆಯಾಚೆಯಿಂದ ನೆರೆಮನೆಯ ಅಖ್ತರ ಬೇಗಂ ಕತ್ತು ಚಾಚಿದರು.

"ಪಾಠ ರೀ, ಆಪಾ. ಸಮುದ್ರದ ತಳದಾಗ ಉದ್ದಕ ಬಿರುಕು ಅದ. ಎರಡೂ ಕಡಿ ನೆಲ ಸಾವಕಾಶ ದೂರ ಸರೀತದ. ಕೆಳಗಿನ ಬಿಸಿ ಕಲ್ಲಿನ ಮ್ಯಾಲಿನ ಭಾರ ಹಗುರಾತು ಅಂದ್ರ, ಬೆಂಕಿ ಹೆಚ್ಚಾಗದೇ ಅದು ಕರಗತದ. ಕುಕ್ಕರ್ ಸೀಟಿ ಎತ್ತಿದ ಕೂಡ್ಲೇ ಒಳಗಿನ ನೀರು ಕುದ್ದು ಉಕ್ಕತದಲ್ಲ, ಹಂಗ. ಆ ಶಿಲಾಪಾಕ ಮ್ಯಾಲ ಬಂದು, ತಣ್ಣೀರು ತಾಗಿ ಗಟ್ಟಿಯಾಗಿ, ಹೊಸ ನೆಲ ಆಗತದ. ಹಳೀದು ಆಕಡಿ ಈಕಡಿ ಸರೀತದ."

"ಯಾವಾಗ ನಿಂದರ್ತದ?"

"ನಿಂದ್ರಂಗಿಲ್ರಿ. ಕೋಟಿ ಕೋಟಿ ವರ್ಷದಿಂದ ನಡದದ."

"ಯಾ ಅಲ್ಲಾ! ನಮ್ಮೂರಿಗಿ ಸಮುದ್ರ ಇಲ್ಲ, ಚಲೋ ಆತು." ಬೇಗಂ ಬಿಸಿ ರೊಟ್ಟಿಯ ತಟ್ಟೆಯನ್ನು ಗೋಡೆಯ ಮೇಲಿಂದ ಇಳಿಸಿದರು. ಒಂಟಿ ಮನುಷ್ಯ ರವಿವಾರ ಒಲೆ ಹೊತ್ತಿಸುವುದಿಲ್ಲವೆಂದು ಆಕೆಗೆ ಗೊತ್ತು.

ಮಾಸ್ತರರು ತಟ್ಟೆ ಹಿಡಿದು ಅಡುಗೆಮನೆಗೆ ಕಾಲಿಟ್ಟಾಗ ಒಳಗೆ ಯಾರೋ ಉಸಿರು ಬಿಟ್ಟರು.

ಯಾರೂ ಇರಲಿಲ್ಲ. ಕರೆಂಟು ಹೋಗಿತ್ತು. ಸಿಮೆಂಟಿನ ಧೂಳು ಕೂತ ಕಿಟಕಿಯಿಂದ ಬೂದಿಬಣ್ಣದ ಬೆಳಕು. ಸ್‌ಸ್‌ಸ್... ಮತ್ತೆ ಅದೇ ಉಸಿರು, ಈ ಸಲ ಕಾಲಡಿಯಲ್ಲಿ. ಬಗ್ಗಿ ಅಂಗೈ ಇಟ್ಟರು. ಫರಸಿ ಜ್ವರ ಬಂದ ಕೂಸಿನ ಹಣೆಯಂತೆ ಬೆಚ್ಚಗಿತ್ತು. ಅವರು ನೋಡುತ್ತಿದ್ದಂತೆ ನಡುವಿನ ಎರಡು ಕಲ್ಲುಗಳು ನಿದ್ದೆಯಲ್ಲಿ ಮಗ್ಗಲು ಬದಲಿಸಿದವರ ಹಾಗೆ ಅಂಚೆತ್ತಿ ಬಾಯಿ ಬಿಟ್ಟವು. ಮೊದಲು ಹಬೆ ಬಂತು. ಅದರ ಹಿಂದೆ ಬೆಳ್ಳಗಿನದೇನೋ ಹಿಟ್ಟಿನಂತೆ ಉಬ್ಬಿ ಬಂದು ಅಲ್ಲೇ ನಿಂತಿತು. ಕಲ್ಲುಗಳು ಆಕಡೆ ಈಕಡೆ ಸರಿದವು.

ಹಿತ್ತಲಲ್ಲಿ ಹೇಳಿದ ಪಾಠ, ಒಂದು ಸಾಲೂ ಬಿಡದೆ.

"ಶಿಲಾಪಾಕ ಬೆಳ್ಳಗಿರಂಗಿಲ್ಲ," ಎಂದು ನೆಲಕ್ಕೇ ತಿಳಿಹೇಳಿದರು. ನೆಲ ಟಕ್ ಎಂದಿತು.

ಅಷ್ಟರಲ್ಲಿ ಬಾಗಿಲಲ್ಲಿ ಶಿವಕಾಂತಮ್ಮನ ನರಳಾಟ. ಎರಡೂ ಮೊಣಕಾಲು ನೋವು; ಆದರೂ ಬಾಡಿಗೆಯವರಿಗೆಂದು ಪುಂಡಿಪಲ್ಯದ ಬಟ್ಟಲು ತಂದಿದ್ದರು. ಮಾಸ್ತರರು ಚಾಪೆ ಎಳೆದು ಬಿರುಕಿನ ಮೇಲೆ ಹಾಸಿ, ಅದರ ಮೇಲೆ ತಾವೇ ಕೂತುಬಿಟ್ಟರು.

"ಏಳಬ್ಯಾಡ್ರಿ, ಕುಂದ್ರಿ," ಎಂದರು ಶಿವಕಾಂತಮ್ಮ.

ಮಾಸ್ತರರು ಹಂಚಿನ ಮೇಲಿನ ರೊಟ್ಟಿಯಂತೆ ಆ ಮಗ್ಗಲು ಈ ಮಗ್ಗಲು ಹೊರಳತೊಡಗಿದರು.

"ಮೂಲವ್ಯಾಧಿ ಏನ್ರಿ? ನಾಚಬ್ಯಾಡ್ರಿ. ನಮ್ಮ ಮನಿಯವರಿಗೂ ಇತ್ತು."

ಆಗಲೇ ಖಣಿಯಲ್ಲಿ ಬ್ಲಾಸ್ಟಿಂಗ್ ಆಯಿತು. ಬೋಗುಣಿಗಳು ಗಲಗಲ ಅಂದವು. ಮಾಸ್ತರರ ಕೆಳಗಿನಿಂದ ದೀರ್ಘವಾದ ನಿಟ್ಟುಸಿರೊಂದು ಎದ್ದು, ಚಾಪೆಯ ನಾಲ್ಕೂ ಅಂಚಿನಿಂದ ಹಬೆ ಹೊರಟಿತು.

"ಅಮ್ಮಾ, ಹೊರಗ ಓಡ್ರಿ!" ಹಬೆ ಕಂಡ ಅಖ್ತರ ಬೇಗಂ ಹಿತ್ತಲ ಬಾಗಿಲಿನಿಂದ ನುಗ್ಗಿ ಬಂದರು. "ಮಾಸ್ತರ್ರು ಸಮುದ್ರ ಕರಸ್ಯಾರ!" ಹಾಗೆ ಕೂಗುತ್ತಲೇ, ತಾವು ಓಡದೆ, ಮೊದಲು ಮೂಲೆಯಲ್ಲಿದ್ದ ಮಾಸ್ತರರ ಟ್ರಂಕನ್ನು ಎಳೆದು ಕಾಪಾಡಹೋದರು. ಟ್ರಂಕು ತನ್ನ ಅಂಚಿಗೆ ಸಿಕ್ಕ ಚಾಪೆಯನ್ನೂ ಎಳೆಯಿತು, ಮಾಸ್ತರರನ್ನೂ ಉರುಳಿಸಿತು. ಮೂಗು ನೇರ ಬಿರುಕಿಗೇ ತಾಗಿತು.

ಹಬ್ಬಕ್ಕೆ ಗೋಡೆ ಬಳಿದಾಗಿನ ವಾಸನೆ!

"ಸುಣ್ಣ!" ಮಾಸ್ತರರು ಕುಣಿದೇಬಿಟ್ಟರು. "ಸಮುದ್ರ ಅಲ್ರಿ, ಸುಣ್ಣ! ಫರಸಿ ಹಾಸಿದವರು ಕೆಳಗ ಸುಣ್ಣದ ಭಟ್ಟಿಯ ಸುಟ್ಟ ಕಲ್ಲು ತುಂಬ್ಯಾರ. ನನ್ನ ಕೊಡದ ನೀರು ಕುಡದು ಅದು ಕಾದು ಉಬ್ಬ್ಯದ. ನನ್ನ ತಪ್ಪಲ್ಲ, ಅಂಜೂದೂ ಬ್ಯಾಡ. ಬರೇ ಬೆಚ್ಚಗದ. ಬೇಕಾದ್ರ ಚಾಪಿ ಹಾಸ್ಕೊಂಡು ಕುಂತು ನೋಡ್ರಿ!"

ಆ ಕೊನೆಯ ಮಾತೊಂದು ಬೇಡವಾಗಿತ್ತು.

ಶಿವಕಾಂತಮ್ಮ ಕೂತರು. ಕಾಲು ಚಾಚಿದರು. ಕಣ್ಣು ಮುಚ್ಚಿದರು.

"ಆಪಾ," ಎಂದರು ಕೊನೆಗೆ, ಕನಸಿನಲ್ಲಿ ಮಾತಾಡುವವರಂತೆ, "ನಿಮ್ಮ ಸೊಂಟ ನೋವು ಅಂತಿದ್ರಿ. ಬರ್ರಿ, ಆಕಡಿ ಫರಸಿ ಮ್ಯಾಲ ಕುಂದ್ರಿ."

ಬೆಚ್ಚನೆಯ ನೆಲ ಹೆಂಗಸರಿಬ್ಬರ ಪಾಲಾಗಿ, ಸಂಜೆಗೆ ಮಾಸ್ತರರ ಹಾಸಿಗೆ ಹೊರಗಿನ ಕಟ್ಟೆಗೆ ಬಂತು. ಶಿವಕಾಂತಮ್ಮ ತಮ್ಮ ದಪ್ಪ ಕೌದಿಯನ್ನೇ ಹಾಸಿದರು. ಅಖ್ತರ ಬೇಗಂ ಸೊಳ್ಳೆಪರದೆ ಕಟ್ಟಿದರು. ಇಷ್ಟು ಅಕ್ಕರೆಯವರೊಡನೆ ಜಗಳವಾದರೂ ಹೇಗೆ ಆಡುವುದು?

"ಅಮ್ಮಾ, ನಾಳಿ ನಾಡಿದ್ದಿಗೆ ಸುಣ್ಣ ಆರತದ. ಆಮ್ಯಾಲ ನಾ ಒಳಗ ಬರ್ಲಾ?"

"ಆರೂದು ಹೆಂಗ? ಕೋಟಿ ವರ್ಷ ನಿಂದ್ರಂಗಿಲ್ಲ ಅಂತ ಆಪಾಗ ಹೇಳಿದವರು ನೀವೇ ಅಲ್ರಿ? ಹೊಸ ನೆಲ ಬಂದ್ರ ಹಳೀದು ಸರೀಬೇಕು. ನಿಮ್ಮದೇ ಪಾಠ. ಈಗ ಜರಾ ತಣ್ಣಗಾಗ್ಲಿಕತ್ತದ, ಒಂದು ಕೊಡ ನೀರು ತರ್ರಿ."

ಮಾಸ್ತರರು ಆ ಸೋರುವ ಕೊಡವನ್ನೇ ಎತ್ತಿಕೊಂಡು ನಳದತ್ತ ನಡೆದರು. ಬೆನ್ನ ಹಿಂದೆ, ಕತ್ತಲು ತುಂಬಿದ ಅಡುಗೆಮನೆಯಲ್ಲಿ, ಹಾಯಾದ ಉಸಿರೊಂದು ಕೇಳಿಸಿತು. ಅದು ಹೆಂಗಸರದೋ ನೆಲದ್ದೋ, ತಿಳಿಯಲಿಲ್ಲ.